ಮುರಿದ ಇಳಿಜಾರಿನ ಛಾವಣಿ: ಬಾರ್ನ್ ಟ್ರಸ್ಸಿನ ರೂಪ, ಬಲ ಮತ್ತು ಅಳತೆ

ಅಮೆರಿಕದ ಮಧ್ಯಪಶ್ಚಿಮ ಪ್ರಾಂತ್ಯದ ಒಹಾಯೊ, ಅಯೊವಾ, ವಿಸ್ಕಾನ್ಸಿನ್ ಮುಂತಾದ ರಾಜ್ಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಕಟ್ಟಿದ ದನದ ಕೊಟ್ಟಿಗೆಗಳ ಮೇಲೆ, ಪ್ರತಿ ಪಕ್ಕದಲ್ಲೂ ನಡುವೆ ಒಮ್ಮೆ ಮುರಿದು ಎರಡು ಬೇರೆ ಬೇರೆ ಇಳಿಜಾರುಗಳಲ್ಲಿ ಇಳಿಯುವ ಛಾವಣಿಯೊಂದು ಸಾಮಾನ್ಯವಾಗಿ ಕಾಣುತ್ತದೆ. ಕೆಳಗಿನ ಭಾಗ ಗೋಡೆಯಂತೆ ಕಡಿದಾಗಿರುತ್ತದೆ, ಮೇಲಿನ ಭಾಗ ಮಟ್ಟಸಕ್ಕೆ ಹತ್ತಿರವಾಗಿರುತ್ತದೆ. ಇದಕ್ಕೆ ಗ್ಯಾಂಬ್ರೆಲ್ ಛಾವಣಿ ಎಂದು ಹೆಸರು. ಆಡುಮಾತಿನಲ್ಲಿ ಬಾರ್ನ್ ಛಾವಣಿ ಎಂದರೆ ಇದೇ. ಈ ಛಾವಣಿಯನ್ನು ಹೊರುವ ಮರದ ಚೌಕಟ್ಟಿಗೆ ಟ್ರಸ್ ಎನ್ನುತ್ತಾರೆ. ಆ ಚೌಕಟ್ಟಿನ ರೂಪವನ್ನು ಹೇಗೆ ನಿರ್ಧರಿಸಬೇಕು, ಅದರ ಮರಗಳಿಗೆ ಎಷ್ಟು ಅಳತೆ ಬೇಕು, ಅವುಗಳ ಕೂಡುವಿಕೆಗೆ ಎಷ್ಟು ಬಲ ಬೇಕು ಎಂಬ ಮೂರು ಪ್ರಶ್ನೆಗಳು ಈ ಉಪನ್ಯಾಸದ ವಸ್ತು. ಇವುಗಳಲ್ಲಿ ಮೂರನೆಯದೇ ನಿರ್ಣಾಯಕವಾದುದು, ಮೊದಲನೆಯದರ ಉತ್ತರದಲ್ಲೇ ಮೂರನೆಯದರ ಭಾರ ಅಡಗಿರುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

ಮುಂದೆ ಬರುವ ಪದಗಳಲ್ಲಿ ಕೆಲವನ್ನು ಕರಾವಳಿಯ ಹೆಂಚಿನ ಮನೆಗಳ ಬಡಗಿಗಳ ಮಾತಿನಿಂದಲೇ ಎತ್ತಿಕೊಳ್ಳಬಹುದು. ಇಳಿಜಾರಿನ ಉದ್ದಕ್ಕೂ ಓರೆಯಾಗಿ ನಿಲ್ಲುವ ಮರ ಪಕಾಸು. ಎರಡು ಪಕ್ಕದ ಪಕಾಸುಗಳು ತುದಿಯಲ್ಲಿ ಕೂಡುವ ಜಾಗ ನೆತ್ತಿ. ಛಾವಣಿ ಗೋಡೆಯನ್ನು ಮುಟ್ಟುವ ಕೆಳಗಿನ ಅಂಚು ಸೂರು. ಗ್ಯಾಂಬ್ರೆಲ್ ಛಾವಣಿಯಲ್ಲಿ ಪ್ರತಿ ಪಕ್ಕಕ್ಕೂ ಎರಡೆರಡು ಪಕಾಸುಗಳಿರುವುದರಿಂದ ಅವೆರಡೂ ಸಂಧಿಸುವ ಮತ್ತೊಂದು ಜಾಗ ಹುಟ್ಟುತ್ತದೆ. ಇಳಿಜಾರು ಮುರಿಯುವ ಆ ಜಾಗವನ್ನು ಇಲ್ಲಿ ಮಂಡಿ ಎಂದು ಕರೆಯಲಾಗಿದೆ.

ಈ ರೂಪ ಕೊಟ್ಟಿಗೆಗಳಿಗೆ ಬಂದುದು ಅಲಂಕಾರಕ್ಕಾಗಿ ಅಲ್ಲ, ಒಣಹುಲ್ಲಿಗಾಗಿ. ಹಿಮ ಬೀಳುವ ನಾಡಿನಲ್ಲಿ ಹಸುಗಳಿಗೆ ತಿಂಗಳುಗಟ್ಟಲೆ ಹೊರಗೆ ಮೇವಿರುವುದಿಲ್ಲ. ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲನ್ನೆಲ್ಲ ದನಗಳು ನಿಲ್ಲುವ ಅಂತಸ್ತಿನ ಮೇಲಿನ ಅಟ್ಟದಲ್ಲಿ ತುಂಬಿಡಬೇಕು. ಯಂತ್ರದಿಂದ ಪಿಂಡಿ ಕಟ್ಟುವ ರೂಢಿ ಹರಡುವ ಮೊದಲು ಹುಲ್ಲನ್ನು ಸಡಿಲವಾಗಿಯೇ ಪೇರಿಸುತ್ತಿದ್ದರು, ಹಾಗೆ ಪೇರಿಸಿ ಕುಳಿತ ಒಂದು ಟನ್ ಹುಲ್ಲು ಸುಮಾರು 11ರಿಂದ 14 ಘನ ಮೀಟರ್ ಜಾಗ ಹಿಡಿಯುತ್ತಿತ್ತು. 1867ರಲ್ಲಿ ಅಯೊವಾದ ಫೇರ್‌ಫೀಲ್ಡ್‌ನ ವಿಲಿಯಂ ಲೌಡನ್ ಹುಲ್ಲು ಸಾಗಿಸುವ ತೊಟ್ಟಿಲಿಗೆ ಪೇಟೆಂಟ್ ಪಡೆದ. ನೆತ್ತಿಯ ಕೆಳಗೆ ಉದ್ದಕ್ಕೂ ಕಂಬಿಯೊಂದನ್ನು ತೂಗುಹಾಕಿ, ಗಾಡಿಯಿಂದ ಎತ್ತಿದ ಹುಲ್ಲಿನ ಹೊರೆಯನ್ನು ಆ ಕಂಬಿಯ ಮೇಲೆ ಓಡಿಸಿ ಅಟ್ಟದ ಬೇಕಾದ ಕಡೆ ಬೀಳಿಸುವ ವ್ಯವಸ್ಥೆ ಅದು. ಹೊರೆ ನೆತ್ತಿಯ ಅಡಿಯಲ್ಲಿ ಅಡೆತಡೆಯಿಲ್ಲದೆ ಓಡಬೇಕಾದರೆ ಅಟ್ಟದ ನಡುವೆ ಕಂಬವಾಗಲಿ ಅಡ್ಡತೊಲೆಯಾಗಲಿ ಇರಕೂಡದು. ಹೀಗೆ ಅಟ್ಟ ದೊಡ್ಡದಾಗಬೇಕು, ಖಾಲಿಯಾಗಿಯೂ ಇರಬೇಕು ಎಂಬ ಎರಡು ಬೇಡಿಕೆಗಳು ಒಟ್ಟಿಗೆ ಬಂದವು. ಗ್ಯಾಂಬ್ರೆಲ್ ಟ್ರಸ್ಸಿನ ಸಮಸ್ಯೆಯೆಲ್ಲ ಹುಟ್ಟುವುದು ಈ ಎರಡನೆಯ ಬೇಡಿಕೆಯಿಂದ.

ಮೊದಲ ಬೇಡಿಕೆಯನ್ನು ಈ ರೂಪ ಎಷ್ಟು ಚೆನ್ನಾಗಿ ಪೂರೈಸುತ್ತದೆಂಬುದನ್ನು ಸರಳ ರೇಖಾಗಣಿತದಿಂದ ಅಳೆಯಬಹುದು. ಬಡಗಿಗಳು ಬಳಸುತ್ತಿದ್ದ ಹಲವು ವಿಧಾನಗಳಲ್ಲಿ ಪ್ರಸಿದ್ಧವಾದುದೆಂದರೆ, ಅಟ್ಟದ ನೆಲವನ್ನೇ ವ್ಯಾಸವಾಗಿಟ್ಟುಕೊಂಡು ಅರ್ಧವೃತ್ತ ಎಳೆದು, ಅದರ ಕಂಸವನ್ನು ನಾಲ್ಕು ಸಮಭಾಗ ಮಾಡಿ, ಆ ಬಿಂದುಗಳನ್ನು ನೇರ ಗೆರೆಗಳಿಂದ ಕೂಡಿಸುವುದು. ಆಗ ದೊರೆಯುವುದು ಸಮ ಅಷ್ಟಭುಜದ ಅರ್ಧ. ಅದರ ಕೆಳಗಿನ ಪಕಾಸು ನೆಲಕ್ಕೆ 67.5 ಡಿಗ್ರಿ ಕೋನದಲ್ಲೂ ಮೇಲಿನ ಪಕಾಸು 22.5 ಡಿಗ್ರಿ ಕೋನದಲ್ಲೂ ನಿಲ್ಲುತ್ತವೆ, ನಾಲ್ಕೂ ಪಕಾಸುಗಳ ಉದ್ದ ಒಂದೇ ಆಗಿ ತ್ರಿಜ್ಯದ 0.765ರಷ್ಟಿರುತ್ತದೆ. ಇದೇ ಅಗಲ, ಇದೇ ಎತ್ತರದ ಸಾದಾ ಎರಡಿಳಿಜಾರಿನ ಛಾವಣಿಯೊಡನೆ ಹೋಲಿಸಿದರೆ, ಗ್ಯಾಂಬ್ರೆಲ್ ಛಾವಣಿಯ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 41ರಷ್ಟು ಹೆಚ್ಚು, ಆದರೆ ಪಕಾಸುಗಳ ಒಟ್ಟು ಉದ್ದ ಹೆಚ್ಚುವುದು ಶೇಕಡಾ 8ರಷ್ಟು ಮಾತ್ರ. 10 ಮೀಟರ್ ಅಗಲ, 20 ಮೀಟರ್ ಉದ್ದದ ಕೊಟ್ಟಿಗೆಯಲ್ಲಿ ಈ ವ್ಯತ್ಯಾಸ 207 ಘನ ಮೀಟರ್ ಆಗುತ್ತದೆ. ಟನ್ನಿಗೆ 14 ಘನ ಮೀಟರ್ ಎಂದು ಹಿಡಿದರೂ ಅದು ಸುಮಾರು 15 ಟನ್ ಹುಲ್ಲಿನ ಜಾಗ. ಇದರ ಜೊತೆಗೆ ಇನ್ನೊಂದು ಅನುಕೂಲವೂ ಉಂಟು. ಸಾದಾ ಛಾವಣಿಗೆ 7 ಮೀಟರಿಗೂ ಮಿಕ್ಕ ಉದ್ದದ ಪಕಾಸು ಬೇಕಾದ ಕಡೆ ಇಲ್ಲಿ 3.8 ಮೀಟರಿನ ಮರ ಸಾಕು. ಹಳೆಯ ಕಾಡುಗಳು ಕರಗಿ ಉದ್ದನೆಯ ದಿಮ್ಮಿಗಳು ದುಬಾರಿಯಾದ ಕಾಲದಲ್ಲಿ, ಗರಗಸದ ಮಿಲ್ಲಿನಿಂದ ಬರುವ ಗಿಡ್ಡ ಹಲಗೆಗಳಲ್ಲೇ ದೊಡ್ಡ ಛಾವಣಿ ಏಳಿಸಬಹುದೆಂಬುದು ರೈತನಿಗೆ ಸಣ್ಣ ಮಾತಾಗಿರಲಿಲ್ಲ.

ಇಷ್ಟು ಲಾಭಕ್ಕೆ ಎಲ್ಲೋ ಒಂದು ಕಡೆ ಬೆಲೆ ತೆರಬೇಕು, ಅದನ್ನು ತೆರುವುದು ಮಂಡಿಯಲ್ಲಿ. ಇದನ್ನು ತಿಳಿಯಲು ಒತ್ತಡರೇಖೆ ಎಂಬ ಪರಿಕಲ್ಪನೆ ಬೇಕು. ತೂಗುಬಿಟ್ಟ ಸರಪಳಿಯಲ್ಲಿ ಎಳೆತ ಬಿಟ್ಟರೆ ಬೇರೆ ಬಲವಿಲ್ಲ; ಅದರ ಆಕಾರವನ್ನೇ ತಲೆಕೆಳಗು ಮಾಡಿ ಗಟ್ಟಿ ವಸ್ತುವಿನಲ್ಲಿ ಕಟ್ಟಿದರೆ ಅದರಲ್ಲಿ ಒತ್ತು ಬಿಟ್ಟರೆ ಬೇರೆ ಬಲವಿರುವುದಿಲ್ಲ ಎಂಬ ತತ್ತ್ವವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದ. ಹಾಗೆ ತಲೆಕೆಳಗಾದ ಆಕಾರವೇ ಆ ಭಾರದ ಒತ್ತಡರೇಖೆ. ಫ್ರಾನ್ಸಿನಲ್ಲಿ ಇದೇ ಬಗೆಯ ಮುರಿದ ಇಳಿಜಾರಿನ ಮನ್ಸಾರ್ ಛಾವಣಿಗಳು ಬಳಕೆಯಲ್ಲಿದ್ದುದರಿಂದ, ಅವುಗಳ ಪಕಾಸುಗಳು ಯಾವ ಕೋನಗಳಲ್ಲಿ ನಿಂತರೆ ಸಮತೋಲ ದೊರೆಯುತ್ತದೆಂಬ ಪ್ರಶ್ನೆ ಅಲ್ಲಿನ ವಿಜ್ಞಾನ ಅಕಾಡೆಮಿಯ ವಿದ್ವಾಂಸರನ್ನೂ ಕಾಡಿತು. 1731ರಲ್ಲಿ ಪಿಯೆರ್ ಕುಪ್ಲೆ ಮರದ ಛಾವಣಿಗಳ ರಚನೆಯನ್ನು ಕುರಿತ ಪ್ರಬಂಧದಲ್ಲಿ ಇದನ್ನು ಕೈಗೆತ್ತಿಕೊಂಡ. ಸಮಾನ ಉದ್ದ, ಸಮಾನ ತೂಕದ ನಾಲ್ಕು ಪಕಾಸುಗಳನ್ನು ಬಾಗಿಲ ಕೀಲಿನಂತೆ ಸಲೀಸಾಗಿ ತಿರುಗುವ ಕೂಡಿಕೆಗಳಿಂದ ಜೋಡಿಸಿ, ತಮ್ಮ ತೂಕದ ಮೇಲೆಯೇ ನಿಲ್ಲಿಸಬೇಕಾದರೆ, ಕೆಳಗಿನ ಇಳಿಜಾರಿನ ಕಡಿದು ಮೇಲಿನದರ ಸರಿಯಾಗಿ ಮೂರು ಪಟ್ಟಿರಬೇಕು. ಇಲ್ಲಿ ಕಡಿದು ಎಂದರೆ ಒಂದು ಮೀಟರ್ ಅಡ್ಡಕ್ಕೆ ಎಷ್ಟು ಏರುತ್ತದೆಂಬ ಪ್ರಮಾಣ. ಅರ್ಧ ಅಷ್ಟಭುಜದಲ್ಲಿ ಈ ಅನುಪಾತ 3 ಅಲ್ಲ, 5.83. ಎಂದರೆ ಬಡಗಿಗಳಿಗೆ ಮೆಚ್ಚಾದ ಆ ಸುಂದರ ರೂಪ ಕೀಲುಗಳ ಮೇಲೆ ತಾನಾಗಿ ನಿಲ್ಲಲಾರದು.

ಅದು ಎಷ್ಟು ಮಟ್ಟಿಗೆ ನಿಲ್ಲಲಾರದು ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. ಅಡ್ಡಳತೆಯ ಉದ್ದಕ್ಕೂ ಸಮನಾಗಿ ಹರಡಿದ ಭಾರಕ್ಕೆ ಒತ್ತಡರೇಖೆ ಪ್ಯಾರಾಬೊಲಾ ಆಕಾರದಲ್ಲಿರುತ್ತದೆ. ಎರಡು ಸೂರುಗಳಲ್ಲಿ ಹಾಗೂ ನೆತ್ತಿಯಲ್ಲಿ ಕೀಲುಗಳಿವೆಯೆಂದೂ, ಮಂಡಿ ಮಾತ್ರ ಗಟ್ಟಿಯಾಗಿ ಬಿಗಿದಿದೆಯೆಂದೂ ಭಾವಿಸಿದರೆ, ಈ ಪ್ಯಾರಾಬೊಲಾ ಸೂರಿನಿಂದ ನೆತ್ತಿಗೆ ಹೋಗುವ ದಾರಿಯಲ್ಲಿ ಮಂಡಿಯ ನೇರಕ್ಕೆ ಬಂದಾಗ ತ್ರಿಜ್ಯದ ಅರ್ಧದಷ್ಟು ಎತ್ತರದಲ್ಲಿರುತ್ತದೆ. ಆದರೆ ಮಂಡಿ ಇರುವುದು ತ್ರಿಜ್ಯದ 0.707ರಷ್ಟು ಎತ್ತರದಲ್ಲಿ. 10 ಮೀಟರ್ ಅಗಲದ ಛಾವಣಿಯಲ್ಲಿ ಈ ಅಂತರ 1 ಮೀಟರಿಗಿಂತ ತುಸು ಹೆಚ್ಚು. ಬಲ ಹರಿಯಬಯಸುವ ದಾರಿಗೂ ಮರ ಇರುವ ಜಾಗಕ್ಕೂ ನಡುವಿನ ಈ ಅಂತರವನ್ನು ಸೂರಿನಲ್ಲಿ ಹೊರಕ್ಕೆ ತಳ್ಳುವ ಬಲದಿಂದ ಗುಣಿಸಿದರೆ ಸಿಗುವುದೇ ಮಂಡಿಯನ್ನು ಮಡಿಸಲು ಹವಣಿಸುವ ಬಾಗು ಭ್ರಾಮಕ, ಎಂಜಿನಿಯರರ ಮಾತಿನಲ್ಲಿ ಬೆಂಡಿಂಗ್ ಮೊಮೆಂಟ್. ಗ್ಯಾಂಬ್ರೆಲ್ ಟ್ರಸ್ಸಿನ ಲೆಕ್ಕದ ತಿರುಳೆಲ್ಲ ಈ ಒಂದು ಗುಣಾಕಾರದಲ್ಲಿದೆ. ಸೂರಿನ ತಳ್ಳು, ಒಂದು ಮೀಟರ್ ಅಡ್ಡಳತೆಯ ಭಾರವನ್ನು ತ್ರಿಜ್ಯದಿಂದ ಗುಣಿಸಿ ಅರ್ಧ ಮಾಡಿದಷ್ಟು. ಮಂಡಿಯ ಭ್ರಾಮಕ, ಅದೇ ಭಾರವನ್ನು ತ್ರಿಜ್ಯದ ವರ್ಗದಿಂದಲೂ 0.1036ರಿಂದಲೂ ಗುಣಿಸಿದಷ್ಟು.

ಇದೇ ಲೆಕ್ಕವನ್ನು ಮೇಲಿನ ಪಕಾಸಿನ ನಡುಮಧ್ಯಕ್ಕೆ ಅನ್ವಯಿಸಿದರೆ ಅಲ್ಲಿನ ಭ್ರಾಮಕ ಮಂಡಿಯದರ ಹತ್ತನೆಯ ಒಂದು ಪಾಲಷ್ಟೇ ಬರುತ್ತದೆ. ಸಾಮಾನ್ಯ ತೊಲೆಯನ್ನು ಕಲ್ಪಿಸಿಕೊಳ್ಳುವವರು ಮರ ನಡುವೆ ಬಾಗಿ ಮುರಿಯುತ್ತದೆಂದು ನಿರೀಕ್ಷಿಸುತ್ತಾರೆ. ಇಲ್ಲಿ ನಡುಮರಕ್ಕೆ ಬಾಗುವ ಕೆಲಸವೇ ಇಲ್ಲದಂತಾಗಿ, ಎರಡು ಮರಗಳು ತುಂಡಾಗಿ ಸೇರುವ ಜಾಗದಲ್ಲಿ, ಮರದ ನಾರು ಒಂದರಿಂದ ಇನ್ನೊಂದಕ್ಕೆ ಮುಂದುವರಿಯದೆ ಕಡಿದುಹೋಗುವಲ್ಲಿ, ಪೂರ್ಣ ಭಾರ ಕೂಡಿಬೀಳುತ್ತದೆ. ಹಳೆಯ ಬಾರ್ನ್‌ಗಳಲ್ಲಿ ನೆತ್ತಿ ಕುಸಿದು ಮಂಡಿಗಳು ಹೊರಕ್ಕೆ ಉಬ್ಬಿ, ಮಂಡಿಯ ಹೊರಮೈಯಲ್ಲಿ ಸೀಳು ಬಾಯಿ ಬಿಟ್ಟಿರುವುದಕ್ಕೆ ಕಾರಣ ಇದೇ.

ಮಂಡಿಯನ್ನು ಒತ್ತಡರೇಖೆಯ ಮೇಲೆಯೇ ಕೂರಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಖಂಡಿತ ಆಗುತ್ತದೆ. ಅದೇ ನೇರದಲ್ಲಿ ಮಂಡಿಯನ್ನು ತ್ರಿಜ್ಯದ ಅರ್ಧಕ್ಕೆ ಇಳಿಸಿದರೆ ಇಳಿಜಾರುಗಳು 59.6 ಮತ್ತು 35.3 ಡಿಗ್ರಿಗಳಾಗುತ್ತವೆ, ಸಮಭಾರದಲ್ಲಿ ಮಂಡಿಯ ಭ್ರಾಮಕ ಸೊನ್ನೆಯಾಗುತ್ತದೆ. ಆದರೆ ಸಾದಾ ಛಾವಣಿಗಿಂತ ಹೆಚ್ಚಾಗಿ ದೊರೆತಿದ್ದ ಶೇಕಡಾ 41ರಷ್ಟು ಜಾಗ ಶೇಕಡಾ 21ಕ್ಕೆ ಇಳಿಯುತ್ತದೆ. ಹುಲ್ಲಿನ ಅರ್ಧ ಲಾಭವನ್ನು ಬಿಟ್ಟುಕೊಟ್ಟು ಮಂಡಿಗೆ ಬಿಡುವು ಕೊಡುವುದೋ, ಮಂಡಿಯನ್ನು ಬಲಪಡಿಸಿ ಪೂರ್ಣ ಜಾಗ ಪಡೆಯುವುದೋ ಎಂಬ ಆಯ್ಕೆ ನಕ್ಷೆಯ ಮೊದಲ ಗೆರೆಯಲ್ಲೇ ನಡೆದುಹೋಗುತ್ತದೆ. ಇಳಿಜಾರನ್ನು ಕಣ್ಣಿನ ಮೆಚ್ಚಿಗೆಗೆ ಆರಿಸಿ, ಮರದ ಅಳತೆಯನ್ನು ಆಮೇಲೆ ಕೋಷ್ಟಕದಲ್ಲಿ ಹುಡುಕುವ ಪದ್ಧತಿ ತಪ್ಪಾಗುವುದು ಈ ಕಾರಣಕ್ಕೆ.

ಭಾರ ಸಮನಾಗಿಯೇ ಬೀಳುತ್ತದೆಂಬ ನೆಚ್ಚಿಕೆಯೂ ಇಲ್ಲ. ಇಳಿಜಾರು 70 ಡಿಗ್ರಿ ತಲುಪಿದ ಮೇಲೆ ಹಿಮ ನಿಲ್ಲುವುದಿಲ್ಲ ಎಂದು ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಭಾರಸಂಹಿತೆಯಾದ ಎಎಸ್‌ಸಿಇ 7 ಗಣಿಸುತ್ತದೆ, ಆದ್ದರಿಂದ 67.5 ಡಿಗ್ರಿಯ ಕೆಳಪಕಾಸಿನ ಮೇಲೆ ಹಿಮ ಇಲ್ಲವೆಂದೇ ಹಿಡಿಯಬಹುದು. ಭಾರ ಕಡಿಮೆಯಾಯಿತೆಂದು ಇಲ್ಲಿ ಸಮಾಧಾನಪಡುವಂತಿಲ್ಲ, ಏಕೆಂದರೆ ಕೆಳಪಕಾಸಿನ ಮೇಲಿನ ಭಾರ ಮಂಡಿಯನ್ನು ಒಳಕ್ಕೆ ಅದುಮಿ ಅದಕ್ಕೆ ನೆರವಾಗುತ್ತಿತ್ತು. ಅದು ತಪ್ಪಿದಾಗ ಮಂಡಿಯ ಗುಣಕ 0.1036ರಿಂದ 0.1161ಕ್ಕೆ, ಅಂದರೆ ಶೇಕಡಾ 12ರಷ್ಟು ಏರುತ್ತದೆ. ಗಾಳಿಯಿಂದಲೋ ಬಿಸಿಲಿನಿಂದಲೋ ಒಂದು ಪಕ್ಕದ ಹಿಮ ಜಾರಿಹೋಗಿ ಇನ್ನೊಂದು ಪಕ್ಕದಲ್ಲಿ ಮಾತ್ರ ಉಳಿದರೆ ಆಗುವುದು ಇನ್ನೂ ವಿಚಿತ್ರ. ಎಡಪಕ್ಕದ ಪೂರ್ಣ ಅಡ್ಡಳತೆಯ ಮೇಲೆ ಮಾತ್ರ ಸಮಭಾರವಿಟ್ಟು ಲೆಕ್ಕ ಮಾಡಿದರೆ ಎಡಮಂಡಿಯ ಭ್ರಾಮಕ ಕರಾರುವಾಕ್ಕಾಗಿ ಸೊನ್ನೆ ಬರುತ್ತದೆ, ಭಾರವೇ ಇಲ್ಲದ ಬಲಮಂಡಿಯ ಭ್ರಾಮಕ ಎರಡೂ ಪಕ್ಕ ಭಾರವಿದ್ದಾಗ ಇರುವಷ್ಟೇ ಪೂರ್ತಿಯಾಗಿ ಬರುತ್ತದೆ. ಹಿಮವಿರುವ ಕಡೆಯ ಮಂಡಿಯನ್ನು ಮಾತ್ರ ಪರೀಕ್ಷಿಸಿ ಹಿಂದಿರುಗುವ ತಪಾಸಣೆ ಅಪಾಯದ ಜಾಗವನ್ನೇ ಬಿಟ್ಟುಬಂದಂತೆ.

ಈಗ ಅಳತೆಯ ಲೆಕ್ಕ. ಅಗಲ 10 ಮೀಟರ್, ಟ್ರಸ್ಸಿನಿಂದ ಟ್ರಸ್ಸಿಗೆ 0.6 ಮೀಟರ್, ಛಾವಣಿಯ ಸ್ವಂತ ತೂಕ ಚದರ ಮೀಟರಿಗೆ 0.5 ಕಿಲೋನ್ಯೂಟನ್, ಮೇಲಿನ ಇಳಿಜಾರಿನಲ್ಲಿ ಹಿಮದ ಭಾರ 1 ಕಿಲೋನ್ಯೂಟನ್ ಎಂದು ಹಿಡಿಯೋಣ. 1 ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋಗ್ರಾಂ ತೂಗುವ ವಸ್ತುವಿನ ಭಾರ. ಸ್ವಂತ ತೂಕವನ್ನು ಅಡ್ಡಳತೆಯ ಮೇಲೆ ಸಮನಾಗಿ ಹರಡಿದೆಯೆಂದು ಸರಳಗೊಳಿಸಿದರೆ, ಮಂಡಿಯ ಭ್ರಾಮಕ 2.52 ಕಿಲೋನ್ಯೂಟನ್ ಮೀಟರ್, ಸೂರಿನ ತಳ್ಳು ಪ್ರತಿ ಟ್ರಸ್ಸಿಗೆ 2.12 ಕಿಲೋನ್ಯೂಟನ್ ಬರುತ್ತದೆ. ಮರದ ಬಾಗು ಶಕ್ತಿ ಅದರ ದಪ್ಪಕ್ಕೆ ಅನುಪಾತವಾಗಿಯೂ ಆಳದ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ; ದಪ್ಪವನ್ನು ಆಳದ ವರ್ಗದಿಂದ ಗುಣಿಸಿ 6ರಿಂದ ಭಾಗಿಸಿದ ಈ ಪ್ರಮಾಣಕ್ಕೆ ಛೇದ ಮಾಪಾಂಕವೆಂದು ಹೆಸರು. ಅಮೆರಿಕದ ಅಂಗಡಿಯಲ್ಲಿ ಎರಡು ಇಂಚು ಎಂಟು ಇಂಚು ಎಂದು ಮಾರುವ ಹಲಗೆ ಒಣಗಿಸಿ ಹತ್ತರಿ ಹೊಡೆದ ಮೇಲೆ ನಿಜವಾಗಿ 38 ಮತ್ತು 184 ಮಿಲಿಮೀಟರ್ ಇರುತ್ತದೆ. ಅದರಲ್ಲಿ ಹುಟ್ಟುವ ಪೀಡನ, ಅಂದರೆ ಚದರ ಮಿಲಿಮೀಟರಿಗೆ ಬೀಳುವ ಬಲ, 11.8 ನ್ಯೂಟನ್. ಎರಡನೆಯ ದರ್ಜೆಯ ಡಗ್ಲಸ್ ಫರ್ ಮರಕ್ಕೆ ಮೂಲತಃ 6.2 ನ್ಯೂಟನ್ ಅನುಮತಿಯಿದ್ದು, ಹಲಗೆಯ ಗಾತ್ರ, ಹಿಮ ಕೆಲಕಾಲ ಮಾತ್ರ ನಿಲ್ಲುವುದು, ಪಕಾಸುಗಳು ಒತ್ತೊತ್ತಾಗಿ ಇದ್ದು ಒಂದಕ್ಕೊಂದು ಆಸರೆಯಾಗುವುದು ಇವೆಲ್ಲಕ್ಕೆ ರಿಯಾಯಿತಿ ಕೊಟ್ಟರೂ 9.8 ದಾಟುವುದಿಲ್ಲ. ಆದ್ದರಿಂದ ಆ ಹಲಗೆ ಸಾಲದು. ಎರಡು ಇಂಚು ಹತ್ತು ಇಂಚಿನ, ಎಂದರೆ 38 ಮತ್ತು 235 ಮಿಲಿಮೀಟರಿನ ಹಲಗೆಯಲ್ಲಿ ಪೀಡನ 7.2ಕ್ಕೆ ಇಳಿಯುತ್ತದೆ, ಅದರ ಅನುಮತಿ 9.0. ಪಕಾಸಿನ ಉದ್ದಕ್ಕೆ ಸಾಗುವ ನೇರ ಒತ್ತಿನಿಂದ ಇದಕ್ಕೆ ಸೇರುವುದು 0.5ಕ್ಕಿಂತಲೂ ಕಡಿಮೆ. ಮರದ ಮಟ್ಟಿಗೆ ಲೆಕ್ಕ ಇಲ್ಲಿಗೆ ಮುಗಿಯಿತು, ಅದೂ ನೆಮ್ಮದಿಯಾಗಿಯೇ ಮುಗಿಯಿತು.

ಆದರೆ ಈ 235 ಮಿಲಿಮೀಟರ್ ಆಳದ ಎರಡು ಹಲಗೆಗಳು ಮಂಡಿಯಲ್ಲಿ ಓರೆಯಾಗಿ ಕೊಯ್ದು ತಲೆಗೆ ತಲೆ ಕೊಟ್ಟು ನಿಂತಿವೆ, ಅವುಗಳ ನಡುವೆ ಎಳೆತವನ್ನು ದಾಟಿಸಲು ಏನೂ ಇಲ್ಲ. ಆ ಕೆಲಸವನ್ನು ಎರಡೂ ಮುಖಗಳಿಗೆ ಬಡಿದ ಪ್ಲೈವುಡ್ ತುಂಡುಗಳು ಮಾಡಬೇಕು. ಇವಕ್ಕೆ ಗಸೆಟ್ ಎಂದು ಹೆಸರು. ಪ್ರತಿ ಮೊಳೆಯೂ ಅಡ್ಡಕ್ಕೆ 0.4 ಕಿಲೋನ್ಯೂಟನ್ ತಾಳುತ್ತದೆಂದೂ, ಮೊಳೆಗಳ ಗುಂಪಿನ ಕೇಂದ್ರದಿಂದ ಅವು ಸರಾಸರಿ 150 ಮಿಲಿಮೀಟರ್ ದೂರದಲ್ಲಿವೆಯೆಂದೂ ಹಿಡಿದರೆ, ಭ್ರಾಮಕವೊಂದಕ್ಕೇ ಪ್ರತಿ ಪಕಾಸಿಗೆ 42 ಮೊಳೆ ಬೇಕು. ನೇರ ಬಲವನ್ನೂ ಕೂಡಿಸಿದಾಗ ಅದು 52ಕ್ಕೆ, ಅಂದರೆ ಒಂದೊಂದು ಮುಖಕ್ಕೆ 26ಕ್ಕೆ ಏರುತ್ತದೆ. ಮೊಳೆಗಳನ್ನು ಮಂಡಿಯ ಹತ್ತಿರ ಗುಂಪಾಗಿ ಹೊಡೆದು ಆ ದೂರವನ್ನು 75 ಮಿಲಿಮೀಟರಿಗೆ ಇಳಿಸಿದರೆ ಭ್ರಾಮಕಕ್ಕೆ ಬೇಕಾದ ಮೊಳೆಗಳು ಇಮ್ಮಡಿಯಾಗುತ್ತವೆ, ಅಷ್ಟು ಮೊಳೆ ಹಿಡಿಸುವ ಮೊದಲೇ ಹಲಗೆ ಸೀಳಿಹೋಗುತ್ತದೆ. ಗಸೆಟ್ ದಪ್ಪವಾಗಿರುವುದಕ್ಕಿಂತ ಪಕಾಸಿನ ಮೇಲೆ ಉದ್ದಕ್ಕೆ ಚಾಚಿರುವುದು ಮುಖ್ಯ, ಮೊಳೆಗಳು ಅದರ ಅಂಚುಗಳ ಕಡೆಗೆ ಹರಡಿರುವುದು ಮುಖ್ಯ ಎಂಬುದು ಇದರಿಂದ ಸ್ಪಷ್ಟ.

ಗಸೆಟ್‌ನ ಆಳವೂ ಲೆಕ್ಕಕ್ಕೆ ಬರಬೇಕು. ಮಂಡಿಯ ಓರೆಕೊಯ್ತದ ಉದ್ದ 254 ಮಿಲಿಮೀಟರ್. 12 ಮಿಲಿಮೀಟರಿನ ಎರಡು ಪ್ಲೈವುಡ್‌ಗಳನ್ನು ಪಕಾಸಿನ ಅಂಚಿಗೆ ಸಮನಾಗಿ ಕತ್ತರಿಸಿ ಕೂರಿಸಿದರೆ ಅವುಗಳಲ್ಲಿ ಹುಟ್ಟುವ ಪೀಡನ ಸುಮಾರು 9.8 ನ್ಯೂಟನ್, ಪ್ಲೈವುಡ್ಡಿನ ಪದರಗಳಲ್ಲಿ ಸರಿಸುಮಾರು ಅರ್ಧದಷ್ಟರ ನಾರು ಮಾತ್ರ ಬಲದ ದಿಕ್ಕಿಗೆ ಇರುವುದರಿಂದ ಇದು ಮಿತಿಮೀರಿದ ಬೇಡಿಕೆ. ಹೊರಗಡೆ ಛಾವಣಿಯ ಹಲಗೆಗಳಿರುವುದರಿಂದ ಗಸೆಟ್ ಬೆಳೆಯಬಹುದಾದುದು ಒಳಮೂಲೆಯ ಕಡೆಗೆ ಮಾತ್ರ. ಅಲ್ಲಿ ಮೂಲೆಯನ್ನು ತುಂಬುವಂತೆ ಚಾಚಿ ಆಳವನ್ನು 350 ಮಿಲಿಮೀಟರಿಗೆ ಏರಿಸಿದರೆ ಪೀಡನ 5.1ಕ್ಕೆ ಬರುತ್ತದೆ. ಅಂದವಾಗಿ ಕಾಣಲೆಂದು ಒಳಮೂಲೆಯನ್ನು ಪಕಾಸಿನ ಗೆರೆಗೆ ಸರಿಯಾಗಿ ಕತ್ತರಿಸುವ ಕೈ ಟ್ರಸ್ಸಿನ ಅರ್ಧ ಶಕ್ತಿಯನ್ನು ನೆಲಕ್ಕೆ ಕೆಡವುತ್ತದೆ ಎಂದು ಒತ್ತಿ ಹೇಳಬೇಕು. ಹಸಿ ಮರವನ್ನು ಬಳಸಿದರೆ ಅದು ಒಣಗಿ ಕುಗ್ಗಿ ಕೂಡಿಕೆ ಸಡಿಲವಾಗುವುದರಿಂದ, ಮರ ಒಣಗಿರಬೇಕೆಂಬ ಷರತ್ತನ್ನು ನಕ್ಷೆಯ ಮೇಲೆಯೇ ಬರೆಯಬೇಕು.

ಮಂಡಿಯ ಭ್ರಾಮಕವನ್ನು ಎದುರಿಸದೆ ತಪ್ಪಿಸಿಕೊಳ್ಳುವ ದಾರಿಯೂ ಉಂಟು. ಎರಡು ಮಂಡಿಗಳನ್ನು ಅಡ್ಡತೊಲೆಯಿಂದ ಬಿಗಿದರೆ ಮೇಲಿನ ಭಾಗ ತ್ರಿಕೋನವಾಗುತ್ತದೆ, ತ್ರಿಕೋನ ಕೀಲುಗಳ ಮೇಲೂ ರೂಪ ಕೆಡದೆ ನಿಲ್ಲುವ ಆಕೃತಿ. ಆಗ ಸಮಭಾರದಲ್ಲಿ ಮಂಡಿಗಳಲ್ಲಿ ಬಾಗುವಿಕೆ ಉಳಿಯುವುದಿಲ್ಲ. ಸೂರಿನ ತಳ್ಳೂ ಮೊದಲಿನ ಶೇಕಡಾ 71ಕ್ಕೆ ಇಳಿಯುತ್ತದೆ. ಆದರೆ ಅದರ ಕೆಳಗೆ ಉಳಿಯುವುದು ನಾಲ್ಕು ಕೀಲುಗಳ ಚತುರ್ಭುಜ. ಪಕ್ಕದಿಂದ ಗಾಳಿ ಬೀಸಿದರೆ ಅಥವಾ ಹಿಮ ಒಂದೇ ಪಕ್ಕ ನಿಂತರೆ ಅದು ವಾಲಿಬಿಡುತ್ತದೆ. ಕೆಳಪಕಾಸಿಗೂ ಅಟ್ಟದ ನೆಲಕ್ಕೂ ನಡುವೆ ಓರೆಗೋಲು ಕೊಟ್ಟು ಅದನ್ನೂ ತ್ರಿಕೋನವಾಗಿಸಿದಾಗ ಮಾತ್ರ ಈ ಉಪಾಯ ಪೂರ್ಣವಾಗುತ್ತದೆ. ವಾಸದ ಕೋಣೆಯಿರುವ ಅಟ್ಟಕ್ಕೆ ಇದು ಒಳ್ಳೆಯ ಪರಿಹಾರವೇ ಆದರೂ ಹುಲ್ಲಿನ ಹೊರೆ ನೆತ್ತಿಯಡಿ ಓಡಬೇಕಾದ ಕೊಟ್ಟಿಗೆಗೆ ಒಗ್ಗದು. ಅಲ್ಲಿ ನಡುವನ್ನು ಖಾಲಿ ಬಿಟ್ಟು ಪಕ್ಕಗಳಲ್ಲೇ ತ್ರಿಕೋನಗಳನ್ನು ಕಟ್ಟಬೇಕಿತ್ತು. ಒಹಾಯೊದ ಜಾನ್ ಶಾವರ್ ಮಾಡಿದ್ದು ಇದನ್ನೇ. ದಪ್ಪ ದಿಮ್ಮಿಗಳಿಗೆ ಕುಳಿ ಕೊರೆದು ಕೂಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ತೆಳು ಹಲಗೆಗಳನ್ನೇ ಪದರವಾಗಿ ಸೇರಿಸಿ, ಕೆಳಪಕಾಸಿನ ಮಗ್ಗುಲಲ್ಲಿ ಓರೆಗೋಲುಗಳ ಬಲೆ ಹೆಣೆದು ಮಂಡಿಗೆ ಆಸರೆಗೊಡುವ ಟ್ರಸ್ ಅವನ ಹೆಸರಿನಲ್ಲೇ ಪ್ರಸಿದ್ಧವಾಯಿತು. 1904ರಲ್ಲಿ ಅವನು ಹಲಗೆ ಚೌಕಟ್ಟಿನ ಬಾರ್ನ್‌ಗಳ ರಚನೆಯ ಮೇಲೆ ಪುಸ್ತಕವನ್ನೂ ಹೊರತಂದ. ಅಟ್ಟದ ಅಂಚಿನಲ್ಲಿ ತುಸು ಜಾಗ ಕಳೆದುಕೊಂಡು ನಡುವನ್ನು ಪೂರ್ತಿ ಉಳಿಸಿಕೊಂಡ ಆ ವಿವೇಕಕ್ಕೆ ಲೆಕ್ಕದ ಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು.

1950ರ ದಶಕದಲ್ಲಿ ಫ್ಲಾರಿಡಾದಲ್ಲಿ ಕ್ಯಾರೊಲ್ ಸ್ಯಾನ್‌ಫೋರ್ಡ್, ಅವನ ಹಿಂದೆಯೇ ಕ್ಯಾಲ್ವಿನ್ ಜುರೈಟ್ ರೂಪಿಸಿದ ಹಲ್ಲಿನ ಉಕ್ಕಿನ ತಗಡುಗಳು ಗಸೆಟ್‌ನ ಜಾಗಕ್ಕೆ ಬಂದವು. ಸತು ಲೇಪಿಸಿದ ತೆಳು ತಗಡಿನಿಂದಲೇ ಹಲ್ಲುಗಳನ್ನು ಕತ್ತರಿಸಿ ಎಬ್ಬಿಸಿ, ಅದನ್ನು ಕಾರ್ಖಾನೆಯ ಒತ್ತುಯಂತ್ರದಿಂದ ಮರದೊಳಕ್ಕೆ ನಾಟುತ್ತಾರೆ. ಮೊಳೆಯ ಎಣಿಕೆ ಹೋಗಿ ಚದರ ಇಂಚಿನ ಹಿಡಿತದ ಎಣಿಕೆ ಬಂತು. ಇವು ಕಾರ್ಖಾನೆಯ ಯಂತ್ರದಲ್ಲಿ ಒತ್ತಿದಾಗ ಮಾತ್ರ ನಂಬಬಹುದಾದ ಕೂಡಿಕೆಗಳು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹಲ್ಲು ಬಾಗಿ ಹಿಡಿತ ತಪ್ಪುತ್ತದೆ.

ಮಂಡಿಯಷ್ಟೇ ಗಮನ ಬೇಡುವ ಇನ್ನೊಂದು ಜಾಗ ಸೂರು. ಪ್ರತಿ ಟ್ರಸ್ ಅಲ್ಲಿ 2.12 ಕಿಲೋನ್ಯೂಟನ್ ಬಲದಿಂದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಅಂದರೆ ಗೋಡೆಯ ಪ್ರತಿ ಮೀಟರಿಗೆ ಸುಮಾರು 3.5 ಕಿಲೋನ್ಯೂಟನ್. ಮರದ ಗೋಡೆ ಇದನ್ನು ತಡೆಯಲಾರದು. ಎದುರುಬದುರಿನ ಸೂರುಗಳನ್ನು ಪರಸ್ಪರ ಬಿಗಿದು ಹಿಡಿಯುವ ಕೆಲಸ ಅಟ್ಟದ ನೆಲದ ತೊಲೆಗಳದು. ಆದರೆ 10 ಮೀಟರ್ ಉದ್ದದ ತೊಲೆ ಒಂದೇ ಮರದಲ್ಲಿ ದೊರೆಯುವುದಿಲ್ಲ. ಎರಡು ಕಡೆಯಿಂದ ಬಂದ ತೊಲೆಗಳನ್ನು ನಡುವಿನ ದೊಡ್ಡ ತೊಲೆಯ ಮೇಲೆ ಪಕ್ಕಪಕ್ಕಕ್ಕೆ ಇಟ್ಟು ಒಂದೆರಡು ಮೊಳೆ ಹೊಡೆದುಬಿಡುವುದು ರೂಢಿ. ನೆಲದ ಭಾರ ಹೊರಲು ಅಷ್ಟು ಸಾಕು, ಏಕೆಂದರೆ ತೊಲೆ ನಡುತೊಲೆಯ ಮೇಲೆ ಕುಳಿತಿರುತ್ತದೆ. ಎಳೆತ ದಾಟಿಸಲು ಮಾತ್ರ ಸಾಲದು, ಹಿಂದಿನ ಲೆಕ್ಕದ ಮೊಳೆಯನ್ನೇ ಹಿಡಿದರೆ ಅಲ್ಲಿ ಕನಿಷ್ಠ 6 ಮೊಳೆ ಬೇಕು. ನಕ್ಷೆಯಲ್ಲಿ ನೆಲದ ವಿವರ ಒಂದು ಹಾಳೆಯಲ್ಲೂ ಛಾವಣಿಯ ವಿವರ ಇನ್ನೊಂದು ಹಾಳೆಯಲ್ಲೂ ಇರುವುದರಿಂದ, ಈ ಕೂಡಿಕೆ ಛಾವಣಿಯ ಭಾಗವೆಂಬುದು ಕೆಲಸಗಾರನ ಗಮನಕ್ಕೆ ಬರುವುದೇ ಇಲ್ಲ. ತೊಲೆಗಳು ಟ್ರಸ್‌ಗಳಿಗೆ ಅಡ್ಡಲಾಗಿ ಹಾಯುವ ಕಟ್ಟಡದಲ್ಲಂತೂ ಬಿಗಿತವೇ ಇರದು. ಅಲ್ಲಿ ಪ್ರತ್ಯೇಕ ಎಳೆತೊಲೆಗಳನ್ನು ಕೊಡಲೇಬೇಕು.

ಹಿಮವಿಲ್ಲದ ಕರ್ನಾಟಕದಲ್ಲಿ ಈ ರೂಪವನ್ನು ಬಳಸುವವರಿಗೆ ಲೆಕ್ಕದ ಸೂತ್ರಗಳು ಬದಲಾಗುವುದಿಲ್ಲ, ಭಾರ ಬದಲಾಗುತ್ತದೆ. ಮಂಗಳೂರು ಹೆಂಚು ಹೊದಿಸುವವರು 67.5 ಡಿಗ್ರಿಯ ಇಳಿಜಾರಿನಲ್ಲಿ ಹೆಂಚು ತನ್ನಷ್ಟಕ್ಕೆ ರೀಪಿನ ಮೇಲೆ ನಿಲ್ಲಲಾರದೆಂಬುದನ್ನು ನೆನಪಿಡಬೇಕು, ಒಂದೊಂದನ್ನೂ ಕಟ್ಟಿಯೋ ಮೊಳೆ ಹೊಡೆದೋ ಕೂರಿಸಬೇಕಾಗುತ್ತದೆ. ತಗಡು ಹೊದಿಸಿದರೆ ಸ್ವಂತ ತೂಕ ತೀರ ಇಳಿದು ಗಾಳಿಯೇ ಮುಖ್ಯ ಭಾರವಾಗುತ್ತದೆ. ಭಾರತೀಯ ಮಾನಕ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಗೊತ್ತುಮಾಡಿದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ನ್ಯೂಟನ್ನಿನಲ್ಲಿ ಗಾಳಿಯ ಒತ್ತಡ ಬರುತ್ತದೆ. ಎತ್ತರ, ನೆಲದ ಬಗೆ ಮುಂತಾದ ಗುಣಕಗಳನ್ನು ಹಚ್ಚುವ ಮೊದಲು ಅದು ಕ್ರಮವಾಗಿ ಸುಮಾರು 650 ಮತ್ತು 910. ತಗಡಿನ ಛಾವಣಿಯ ತೂಕ ಇದರ ಸಣ್ಣ ಪಾಲಷ್ಟೇ ಇರುತ್ತದೆ.

ಗಾಳಿಯಲ್ಲಿ ಈ ಆಕೃತಿಯ ನಡತೆ ಹಿಮದಲ್ಲಿನದಕ್ಕಿಂತ ಬೇರೆ. ದೊಡ್ಡ ಬಾಗಿಲು ತೆರೆದಿದ್ದು ಗಾಳಿ ಒಳನುಗ್ಗಿದಾಗ ಒತ್ತಡ ಛಾವಣಿಯ ಎಲ್ಲ ಮೇಲ್ಮೈಗಳನ್ನೂ ಲಂಬವಾಗಿ ಹೊರಕ್ಕೆ ದೂಡುತ್ತದೆ. ಸಮನಾದ ಅಂಥ ಒತ್ತಡಕ್ಕೆ ಬಲದ ರೇಖೆ ವೃತ್ತದ ಕಂಸ. ಅಷ್ಟಭುಜದ ಸೂರು, ಮಂಡಿ, ನೆತ್ತಿಗಳೆಲ್ಲ ಅದೇ ವೃತ್ತದ ಮೇಲೆ ಇರುವುದರಿಂದ ಮಂಡಿಯಲ್ಲಿ ಭ್ರಾಮಕವೂ ಇಲ್ಲ, ಸೂರಿನಲ್ಲಿ ಅಡ್ಡತಳ್ಳೂ ಇಲ್ಲ. ಹಿಮದಲ್ಲಿ ನರಳುವ ಕೂಡಿಕೆಗೆ ಇಲ್ಲಿ ಬಿಡುವು ಸಿಗುತ್ತದೆ. ಆದರೆ ಇಡೀ ಟ್ರಸ್ ಮೇಲಕ್ಕೆ ಏಳಲು ಹವಣಿಸುತ್ತದೆ: 650 ನ್ಯೂಟನ್ ಒತ್ತಡಕ್ಕೆ, 10 ಮೀಟರ್ ಅಗಲದಲ್ಲಿ, 0.6 ಮೀಟರ್ ಅಂತರದ ಪ್ರತಿ ಟ್ರಸ್ಸಿನ ಒಂದೊಂದು ಸೂರಿನಲ್ಲೂ ಸುಮಾರು 1.95 ಕಿಲೋನ್ಯೂಟನ್ ಎತ್ತುಬಲ. ಇದರಿಂದ ಕಳೆಯಬೇಕಾದ ಛಾವಣಿಯ ಸ್ವಂತ ತೂಕ ಅಲ್ಪ. ಪಕಾಸಿನ ಕಾಲನ್ನು ಗೋಡೆಯ ಮೇಲಿನ ತೊಲೆಗೆ ಓರೆಯಾಗಿ ಹೊಡೆದ ಎರಡು ಮೊಳೆಗಳು ನಾರಿನ ನಡುವಿನಿಂದ ಸುಲಭವಾಗಿ ಕಿತ್ತುಬರುವುದರಿಂದ, ಈ ಎತ್ತುಬಲವನ್ನು ಅವುಗಳಿಗೆ ಬಿಡಬಾರದು. ಪಕಾಸನ್ನು ಸುತ್ತಿ ಗೋಡೆಯ ಕಂಬಕ್ಕೆ ಇಳಿಯುವ ಉಕ್ಕಿನ ಪಟ್ಟಿಯನ್ನು ಕೊಟ್ಟು, ಮೊಳೆಗಳು ಅಡ್ಡಕ್ಕೆ ದುಡಿಯುವಂತೆ ಎರಡೂ ತುದಿಗಳಲ್ಲಿ ತಲಾ 5 ಮೊಳೆ ಹಾಕಬೇಕು, ಆ ಕಂಬವನ್ನು ಅದೇ ಬಲಕ್ಕೆ ಲೆಕ್ಕಹಾಕಿದ ಬೋಲ್ಟಿನಿಂದ ತಳಪಾಯಕ್ಕೆ ಬಿಗಿಯಬೇಕು.